ಮೊದಲ ಪಾಲು ಮುಷ್ಟಿಗೆ

ಬಾಗಲಕೋಟೆ ನವನಗರದ ಜಿಮ್ಮುಗಳಿಗೆ ಹೊಸದಾಗಿ ಸೇರುವ ಹುಡುಗರ ಚೀಲದಲ್ಲಿ ಈಗ ನೀರಿನ ಬಾಟಲಿಯ ಜೊತೆಗೇ ಒಂದು ಜೊತೆ ಲಿಫ್ಟಿಂಗ್ ಸ್ಟ್ರ್ಯಾಪ್ ಇರುತ್ತದೆ. ಡೆಡ್‌ಲಿಫ್ಟ್ ಕಲಿತು ಎರಡು ತಿಂಗಳಾಗಿರುವುದಿಲ್ಲ, ಬಾರಿನ ಮೇಲಿನ ತೂಕ 60 ಕಿಲೊ ದಾಟಿರುವುದಿಲ್ಲ, ಆಗಲೇ ಮಣಿಕಟ್ಟಿಗೆ ಪಟ್ಟಿ ಬಿಗಿದಾಗಿರುತ್ತದೆ. ಯಾಕೆ ಎಂದು ಕೇಳಿದರೆ ಎಲ್ಲರದೂ ಒಂದೇ ಮಾತು: ‘ಬೆನ್ನ ತಡೀತೈತ್ರಿ, ಕೈ ಬಿಡತೈತಿ.’

ಮಾತು ಸುಳ್ಳಲ್ಲ. ಆದರೆ ಕೈ ಬಿಡುತ್ತದೆ ಅಂದರೆ ಕೈಗೆ ಇನ್ನೂ ತಾಲೀಮು ಬೇಕು ಎಂದು ಮೊದಲ ಅರ್ಥ. ನನ್ನ ತೀರ್ಮಾನವನ್ನು ಇಲ್ಲೇ ಹೇಳಿಬಿಡುತ್ತೇನೆ. ಪಟ್ಟಿ ಒಳ್ಳೆಯ ಸಾಧನ, ನಾನು ಅದರ ವಿರೋಧಿಯಲ್ಲ. ಆದರೆ ಪ್ರತಿ ದಿನದ ಕಸರತ್ತಿನಲ್ಲಿ ಮೊದಲ ಪಾಲು ಮುಷ್ಟಿಗೆ ಸಿಗಬೇಕು, ಪಟ್ಟಿಯ ಸರದಿ ಆಮೇಲೆ. ಈ ಸರದಿ ತಪ್ಪಿದರೆ ಬೆನ್ನು ಒಂದು ದಾರಿ, ಕೈ ಒಂದು ದಾರಿ ಹಿಡಿಯುತ್ತವೆ.

ಪಟ್ಟಿ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿ. ಹತ್ತಿಯದೋ ನೈಲಾನಿನದೋ ದಪ್ಪ ಪಟ್ಟಿ, ಒಂದು ತುದಿಯಲ್ಲಿ ಕುಣಿಕೆ. ಇನ್ನೊಂದು ತುದಿಯನ್ನು ಕುಣಿಕೆಯಲ್ಲಿ ತೂರಿಸಿ ಮಣಿಕಟ್ಟಿಗೆ ಹಾಕಿಕೊಂಡು, ಉಳಿದ ಬಾಲವನ್ನು ಬಾರಿನ ಅಡಿಯಿಂದ ತಂದು ಸುತ್ತಿ, ಅದರ ಮೇಲೆ ಬೆರಳು ಮುಚ್ಚಬೇಕು. ಬೆರಳು ಸುತ್ತುವ ದಿಕ್ಕು ಒಂದಾದರೆ ಪಟ್ಟಿ ಸುತ್ತುವ ದಿಕ್ಕು ಅದಕ್ಕೆ ಎದುರು. ಹೀಗಾಗಿ ಬಾರು ಉರುಳಲು ಯಾವ ಕಡೆಗೂ ಜಾಗ ಸಿಗುವುದಿಲ್ಲ, ಭಾರದ ದೊಡ್ಡ ಪಾಲು ಬೆರಳಿನಿಂದ ಮಣಿಕಟ್ಟಿಗೆ ದಾಟುತ್ತದೆ.

ಪಟ್ಟಿ ಇಲ್ಲದಿದ್ದಾಗ ಆಗುವುದೇ ಬೇರೆ. ಗಂಡಸರ ವೇಟ್‌ಲಿಫ್ಟಿಂಗ್ ಬಾರಿನ ದಪ್ಪ 28 ಮಿಲಿಮೀಟರ್, ಹೆಂಗಸರದು 25. ಭಾರ ಹೆಚ್ಚಿದಂತೆ ಬಾರು ಅಂಗೈಯಿಂದ ಬೆರಳ ತುದಿಯ ಕಡೆಗೆ ಉರುಳುತ್ತ ಬೆರಳುಗಳನ್ನು ಬಿಚ್ಚುತ್ತದೆ. ಬೆರಳು ಮಡಿಸುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ನರದಂತಹ ಸ್ನಾಯುರಜ್ಜುಗಳು ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಹಾಯ್ದು ಬೆರಳಿಗೆ ಬರುತ್ತವೆ. ತೊಡೆ, ಪಿರ್ರೆ, ಬೆನ್ನು ಎಂಬ ದೊಡ್ಡ ಸ್ನಾಯುಗಳು ಎತ್ತುವ ಭಾರವನ್ನು ಈ ಸಣ್ಣ ಮುಂಗೈ ಹಿಡಿದಿಡಬೇಕು. ಡೆಡ್‌ಲಿಫ್ಟಿನಲ್ಲಿ ಕೈ ಮೊದಲು ಸೋಲುವುದು ಸಹಜ.

ಸೋತ ಕೂಡಲೇ ಪಟ್ಟಿಗೆ ಕೈಹಾಕುವ ಮೊದಲು ಬೆವರು ನೋಡಿಕೊಳ್ಳಿ. ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಒದ್ದೆ ಅಂಗೈಯಲ್ಲಿ ಎಂಥ ಪೈಲ್ವಾನನ ಹಿಡಿತವೂ ಜಾರುತ್ತದೆ. ಗರಡಿಯಲ್ಲಿ ಕೈಗೆ ಕೆಮ್ಮಣ್ಣು ತಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ. ಜಿಮ್ಮಿನಲ್ಲಿ ಅದರ ಜಾಗಕ್ಕೆ ಬಂದದ್ದು ಚಾಕ್, ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ. ‘ನನ್ನ ಮುಷ್ಟಿ ಸಾಲದು’ ಎನ್ನುವ ಎಷ್ಟೋ ಜನರಿಗೆ ಕೊರತೆ ಇರುವುದು ಒಂದು ಚಿಟಿಕೆ ಚಾಕಿನದು.

ಭಾರ ಎತ್ತುವ ಹುಮ್ಮಸ್ಸು ನಮ್ಮ ಸೀಮೆಗೆ ಜಿಮ್ಮಿನ ಜೊತೆ ಬಂದದ್ದಲ್ಲ. ಜಾತ್ರೆಗಳಲ್ಲಿ ಗುಂಡು ಎತ್ತುವ, ಸಂಗ್ರಾಣಿ ಕಲ್ಲು ಎತ್ತುವ, ಉಸುಕಿನ ಚೀಲ ಎತ್ತುವ ಪಂದ್ಯಗಳನ್ನು ನೋಡುತ್ತಲೇ ಬೆಳೆದವರು ನಾವು. ಗುಂಡಿಗೆ ಹಿಡಿಕೆ ಇಲ್ಲ, ಪಟ್ಟಿ ಕಟ್ಟಲು ಜಾಗವೂ ಇಲ್ಲ. ಪೈಲ್ವಾನ ಕುಕ್ಕರಗಾಲಿನಲ್ಲಿ ಕೂತು, ಹತ್ತೂ ಬೆರಳು ಅಗಲಿಸಿ ಕಲ್ಲಿನ ಅಡಿಗೆ ತೂರಿಸಿ, ತೆಕ್ಕೆ ಬಡಿದು ತೊಡೆಗೆ ತರುತ್ತಾನೆ. ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ. ಇಲ್ಲಿ ಮುಷ್ಟಿ ಮುಚ್ಚುವುದೇ ಇಲ್ಲ, ತೆರೆದ ಅಂಗೈಯ ಒತ್ತಡವೇ ಹಿಡಿತ. ತುಳಸಿಗೇರಿಯ ಹುಡುಗರು ಏರುವ ಮಲ್ಲಕಂಬಕ್ಕಂತೂ ಔಡಲೆಣ್ಣೆ ಬೇರೆ ಸವರಿರುತ್ತಾರೆ. ಕೈ, ತೋಳು, ತೊಡೆ, ಪಾದ ಎಲ್ಲವೂ ಅಲ್ಲಿ ಹಿಡಿತದ ಅಂಗಗಳೇ. ಬಾರು ಹಿಡಿಯುವ ಮುಷ್ಟಿಯೊಂದೇ ಹಿಡಿತ ಎಂದುಕೊಂಡವರು ಒಮ್ಮೆ ಗುಂಡಿನ ಮುಂದೆ ಕೂತು ನೋಡಬೇಕು.

ಹಿಡಿತದ ವಿಷಯದಲ್ಲಿ ಬಾದಾಮಿಯ ಬಂಡೆಯಷ್ಟು ನಿಷ್ಠುರ ಪರೀಕ್ಷಕ ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಒಂದನೆಯ ಪುಲಕೇಶಿ 543ರಲ್ಲಿ ಕೋಟೆ ಕಟ್ಟಿದ ಆ ಕೆಂಪು ಮರಳುಗಲ್ಲಿಗೆ ಈಗ ಚಳಿಗಾಲ ಬಂದರೆ ದೇಶವಿದೇಶದ ಬಂಡೆ ಹತ್ತುವವರು ಬಂದಿಳಿಯುತ್ತಾರೆ. ಪದರು ಪದರಾದ ಕಲ್ಲಿನಲ್ಲಿ ಬೆರಳಿನ ಒಂದು ಗೆಣ್ಣು ಕೂರುವಷ್ಟೇ ಅಂಚು, ಅದಕ್ಕೆ ಮೈಭಾರವೆಲ್ಲ ನೇತುಬೀಳಬೇಕು. ಭಾರತದ ಕಠಿಣ ದಾರಿಗಳಲ್ಲಿ ಹೆಸರಾದ, 8ಬಿ+ ದರ್ಜೆಯ ‘ಗಣೇಶ’ ಇರುವುದು ಇಲ್ಲಿಯೇ. ಹತ್ತುವವರ ಸೊಂಟಕ್ಕೆ ಹಗ್ಗ ಇರುತ್ತದೆ, ಬಂಡೆಗೆ ಬೋಲ್ಟು ಹೊಡೆದಿರುತ್ತದೆ. ಆದರೆ ಅವು ಬಿದ್ದರೆ ಕಾಪಾಡಲು ಮಾತ್ರ. ಬೋಲ್ಟು ಹಿಡಿದು ಜಗ್ಗಿದರೆ, ಹಗ್ಗದ ಮೇಲೆ ಭಾರ ಬಿಟ್ಟು ದಣಿವಾರಿಸಿಕೊಂಡರೆ ಆ ಹತ್ತುವಿಕೆ ಲೆಕ್ಕಕ್ಕಿಲ್ಲ. ಕಾಪಾಡುವ ನೆರವು ಬೇಕು, ಎತ್ತುವ ನೆರವು ಬೇಡ ಎಂಬ ಈ ನಿಯಮ ಜಿಮ್ಮಿನ ಹುಡುಗರಿಗೂ ದಾರಿ ತೋರಿಸುತ್ತದೆ.

ಬಂಡೆ ಹತ್ತುವವರಿಂದ ಕಲಿಯಬೇಕಾದ ಎಚ್ಚರವೂ ಒಂದಿದೆ. ಅವರಿಗೆ ಹೆಚ್ಚಾಗಿ ಪೆಟ್ಟಾಗುವುದು ಬೆರಳಿನ ಎಲುಬಿಗೆ ಸ್ನಾಯುರಜ್ಜುವನ್ನು ಅಂಟಿಸಿ ಹಿಡಿದಿರುವ ಉಂಗುರದಂತಹ ಪಟ್ಟಿಗಳಿಗೆ. ಸ್ನಾಯು ಬೇಗ ಬಲಿಯುತ್ತದೆ, ರಜ್ಜು ನಿಧಾನ. ಒಂದು ತಿಂಗಳು ಹುರುಪಿನಲ್ಲಿ ದಿನಾ ಜೋತುಬಿದ್ದರೆ ಮುಂಗೈ ಉಬ್ಬೀತು, ಆದರೆ ಮೊಣಕೈಯ ಒಳಮಗ್ಗುಲು ನೋಯಲು ಶುರುವಾಗುತ್ತದೆ. ಮುಷ್ಟಿ ಕಟ್ಟುವುದು ವರ್ಷಗಳ ಕೆಲಸ.

ಹಾಗೆ ಕಟ್ಟಿದ ಮುಷ್ಟಿ ನೋಡಲು ಹುನಗುಂದದ ಎರೆಹೊಲಕ್ಕೆ ಬನ್ನಿ. ಹಿಂಗಾರಿ ಬಿಳಿಜೋಳ ಬಲಿತಾಗ ಬೇರುಸಮೇತ ಕೀಳುವ ರೂಢಿ ಈ ಕಡೆ ಇದೆ. ಅಷ್ಟೊತ್ತಿಗೆ ಎರೆಮಣ್ಣು ಒಣಗಿ ಬಿರುಕು ಬಿಟ್ಟು ಬೇರನ್ನು ಕಚ್ಚಿ ಹಿಡಿದಿರುತ್ತದೆ. ದಂಟನ್ನು ಬುಡದಲ್ಲಿ ಹಿಡಿದು, ಮೊಣಕಾಲು ತುಸು ಬಗ್ಗಿಸಿ, ಸೊಂಟದಿಂದ ಜಗ್ಗಬೇಕು. ನೋಡಿದರೆ ಅದು ಡೆಡ್‌ಲಿಫ್ಟೇ. ಭಾರ ಕಡಿಮೆ, ಸಲ ಮಾತ್ರ ಲೆಕ್ಕವಿಲ್ಲದಷ್ಟು. ದಿನವಿಡೀ ಜೋಳ ಕಿತ್ತ ಹೆಣ್ಣುಮಗಳ ಕೈ ಕುಲುಕಿದವರಿಗೆ ಹಿಡಿತ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಜೋಳ ಚೀಲಕ್ಕೆ ತುಂಬಿ ಮಾರುಕಟ್ಟೆಗೆ ಬಂದಾಗ ಚಿತ್ರ ಬೇರೆ. ಅಡತಿ ಅಂಗಡಿಯ ಹಮಾಲನ ಕೈಯಲ್ಲಿ ಮರದ ಹಿಡಿಯ ಕಬ್ಬಿಣದ ಕೊಕ್ಕೆ ಇರುತ್ತದೆ. 50 ಕಿಲೊ ಚೀಲದ ಮೂಲೆಗೆ ಅದನ್ನು ಸಿಕ್ಕಿಸಿ ಜಗ್ಗುತ್ತಾನೆ. ಇದನ್ನು ಯಾರೂ ಮೋಸ ಎನ್ನುವುದಿಲ್ಲ. ಅವನ ಕೆಲಸ ಲಾರಿ ಖಾಲಿ ಮಾಡುವುದು, ಮುಷ್ಟಿಯ ಪರೀಕ್ಷೆ ಕೊಡುವುದಲ್ಲ. ಬೆರಳು ಉಳಿದರೆ ನಾಳೆಯೂ ದುಡಿಮೆ ಉಂಟು. ಕೊಕ್ಕೆ ಅಲ್ಲಿ ನ್ಯಾಯವಾದ ಸಾಧನ. ಜಿಮ್ಮಿನಲ್ಲೂ ಗುರಿ ಬೆನ್ನಾಗಿದ್ದು, ಕೈ ಬರೀ ಕೊಂಡಿಯಾಗಿದ್ದಾಗ ಪಟ್ಟಿಯೂ ಅಷ್ಟೇ ನ್ಯಾಯವಾದದ್ದು.

ಇಳಕಲ್ಲಿನಲ್ಲಿ ಪ್ರಶ್ನೆ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಕುಣಿಮಗ್ಗದಲ್ಲಿ ಕೂತ ನೇಕಾರನ ಕಾಲು ತುಳಿಗೆಯ ಮೇಲೆ, ಒಂದು ಕೈ ಲಾಳಿಯ ಹಗ್ಗ ಜಗ್ಗುತ್ತಿರುತ್ತದೆ, ಇನ್ನೊಂದು ಹಲಗೆ ಬಡಿಯುತ್ತಿರುತ್ತದೆ. ಪ್ರತಿ ಜಗ್ಗಿನ ಭಾರ ಅಲ್ಪ, ಆದರೆ ಸೀರೆ ಮುಗಿಯುವತನಕ ಬೆರಳಿಗೆ ಬಿಡುವಿಲ್ಲ. ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿ ಡ್ರಿಲ್ಲು ಹಿಡಿದು ನಿಂತವರ ಕೈಗಳು ಇಡೀ ದಿನ ನಡುಗುವ ಯಂತ್ರವನ್ನು ಬಿಗಿಹಿಡಿದಿರುತ್ತವೆ. ಇಂಥವರು ಸಂಜೆ ಜಿಮ್ಮಿಗೆ ಬಂದರೆ ಅವರ ಮುಷ್ಟಿಯ ಪಾಲಿನ ದುಡಿಮೆ ಆಗಲೇ ಮುಗಿದಿದೆ. ರೋಯಿಂಗ್, ಶ್ರಗ್, ಪುಲ್‌ಡೌನ್‌ಗೆ ಅವರು ಹಿಂಜರಿಯದೆ ಪಟ್ಟಿ ಕಟ್ಟಬೇಕು, ಬಿಡುವಿನಲ್ಲಿ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವ ಕಸರತ್ತು ಮಾಡಬೇಕು. ಮುಚ್ಚಿ ಮುಚ್ಚಿ ದಣಿದ ಕೈಗೆ ತೆರೆಯುವ ಕೆಲಸ ಬೇಕು. ಬೆರಳು ಜುಮ್ಮೆನ್ನುವುದು, ಬೆಳ್ಳಗಾಗುವುದು ಕಂಡರೆ ಮೊದಲು ವೈದ್ಯರ ಬಳಿ ಹೋಗಬೇಕು, ಜಿಮ್ಮಿಗೆ ಆಮೇಲೆ. ದಿನವೆಲ್ಲ ಕೀಬೋರ್ಡು, ಮೊಬೈಲು ಬಿಟ್ಟು ಬೇರೇನೂ ಹಿಡಿಯದ ನಮ್ಮಂಥವರ ಕೈಗೆ ಈ ರಿಯಾಯಿತಿ ಇಲ್ಲ.

ಕ್ರೀಡೆಗಳು ತಮ್ಮ ತಮ್ಮ ತೀರ್ಪು ಕೊಟ್ಟಾಗಿದೆ. ಒಲಿಂಪಿಕ್ ಮಾದರಿಯ ವೇಟ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಪಟ್ಟಿಗೆ ಅವಕಾಶವಿಲ್ಲ. ಕುಂದಾಪುರ ತಾಲ್ಲೂಕಿನ ಗುರುರಾಜ್ ಪೂಜಾರಿ 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೊ ವಿಭಾಗದಲ್ಲಿ ಒಟ್ಟು 249 ಕಿಲೊ ಎತ್ತಿ ಬೆಳ್ಳಿ ಗೆದ್ದದ್ದು, 2022ರ ಬರ್ಮಿಂಗ್‌ಹ್ಯಾಮಿನ 61 ಕಿಲೊ ವಿಭಾಗದಲ್ಲಿ 269 ಕಿಲೊ ಎತ್ತಿ ಕಂಚು ಗೆದ್ದದ್ದು ಪಟ್ಟಿಯಿಲ್ಲದ ಕೈಯಿಂದಲೇ. ಆ ಕ್ರೀಡೆಯವರ ಗುಟ್ಟು ಹುಕ್ ಗ್ರಿಪ್: ಹೆಬ್ಬೆರಳನ್ನು ಬಾರಿಗೆ ಒತ್ತಿ, ಅದರ ಮೇಲೆ ತೋರುಬೆರಳು, ನಡುಬೆರಳು ಹಾಕಿ ಬಿಗಿಯುವುದು. ಮೊದಮೊದಲು ಹೆಬ್ಬೆರಳು ಕಣ್ಣಲ್ಲಿ ನೀರು ತರಿಸುತ್ತದೆ, ಆಮೇಲೆ ಒಗ್ಗುತ್ತದೆ. ಪವರ್‌ಲಿಫ್ಟಿಂಗ್ ಡೆಡ್‌ಲಿಫ್ಟಿನಲ್ಲೂ ಪಟ್ಟಿ ನಿಷಿದ್ಧ. ಆದರೆ ಸ್ಟ್ರಾಂಗ್‌ಮ್ಯಾನ್ ಪಂಥದವರು ಪಟ್ಟಿಯನ್ನು ಒಪ್ಪುತ್ತಾರೆ. ಎಡ್ಡಿ ಹಾಲ್ 2016ರಲ್ಲಿ 500 ಕಿಲೊ, ಹಾಫ್‌ಥೋರ್ ಬ್ಯೋರ್ನ್‌ಸನ್ 2020ರಲ್ಲಿ 501 ಕಿಲೊ ಎತ್ತಿದ್ದು ಪಟ್ಟಿ ಕಟ್ಟಿಕೊಂಡು. ಅಲ್ಲಿ ಅಳೆಯುವುದು ಬೆನ್ನು, ಕಾಲಿನ ಬಲವನ್ನು. ವೇಟ್‌ಲಿಫ್ಟರುಗಳು ಕೂಡ ಅಭ್ಯಾಸದಲ್ಲಿ ಸ್ನ್ಯಾಚ್‌ಗೆ, ಭಾರದ ಪುಲ್‌ಗಳಿಗೆ ಪಟ್ಟಿ ಬಳಸುತ್ತಾರೆ. ಆದರೆ ಕ್ಲೀನ್ ಮಾಡುವಾಗ, ಅಂದರೆ ಬಾರನ್ನು ಹೆಗಲಿಗೆ ತರುವಾಗ, ಬಳಸಬಾರದು. ಬಾರು ಹೆಗಲಿಗೆ ಸರಿಯಾಗಿ ಕೂರದೆ ಬಿದ್ದರೆ ಕೈ ಬಿಡಿಸಿಕೊಳ್ಳಲಾಗದೆ ಮಣಿಕಟ್ಟು ಮುರಿದೀತು.

ಮುಷ್ಟಿಯ ಬಲಕ್ಕೆ ಜಿಮ್ಮಿನ ಆಚೆಗೂ ಬೆಲೆ ಇದೆ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ಗಮನಿಸಿದ ‘ಪ್ಯೂರ್’ ಅಧ್ಯಯನದ ವರದಿ 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮುಷ್ಟಿಯ ಬಲ 5 ಕಿಲೊ ಕಡಿಮೆ ಇದ್ದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಹೆಚ್ಚು ಕಂಡಿತ್ತು. ಹಾಗೆಂದು ಸ್ಪ್ರಿಂಗಿನ ಗ್ರಿಪ್ಪರ್ ಒತ್ತುತ್ತ ಕೂತರೆ ಆಯುಷ್ಯ ಹೆಚ್ಚುತ್ತದೆ ಎಂದಲ್ಲ. ಇಡೀ ಮೈಯ ಕಸುವು ಹೇಗಿದೆ ಎಂಬುದು ಕೈಯಲ್ಲಿ ಕಾಣುತ್ತದೆ. ಪಟ್ಟಿ ಕಟ್ಟಿ 150 ಕಿಲೊ ಎತ್ತುವವನಿಗೆ ತುಂಬಿದ ಗ್ಯಾಸ್ ಸಿಲಿಂಡರನ್ನು ಮಹಡಿಗೆ ಒಯ್ಯಲು ಕೈ ಸೋತರೆ ಆ ಕಸುವು ಬದುಕಿಗೆ ಪೂರ್ತಿ ಇಳಿದಿಲ್ಲ ಎಂದೇ ಅರ್ಥ.

ಹಾಗಾದರೆ ನಾಳೆಯಿಂದ ಏನು ಮಾಡಬೇಕು? ಡೆಡ್‌ಲಿಫ್ಟಿನ ಎಲ್ಲ ಹಗುರ ಸೆಟ್ಟುಗಳನ್ನೂ ಎರಡೂ ಅಂಗೈ ನಿಮ್ಮ ಕಡೆಗಿಟ್ಟು, ಚಾಕ್ ಹಚ್ಚಿದ ಬರಿಗೈಯಿಂದ ಎತ್ತಿ. ಕೈ ಬಿಡುವ ತೂಕ ಬಂದಾಗ ಹುಕ್ ಗ್ರಿಪ್ ಹಾಕಿ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಮಾಡುವ ಹಿಡಿತವೂ ಆದೀತು, ಆದರೆ ಅಂಗೈ ಮೇಲಾದ ತೋಳನ್ನು ಮಡಿಸಬೇಡಿ, ರಟ್ಟೆಯ ರಜ್ಜು ಹರಿಯುವುದು ಹಾಗೆಯೇ. ಅದನ್ನೂ ದಾಟಿ ಬೆನ್ನಿಗೆ ಇನ್ನೂ ಕೆಲಸ ಬೇಕೆನಿಸಿದರೆ ಕೊನೆಯ ಒಂದೆರಡು ಸೆಟ್ಟಿಗೆ ಪಟ್ಟಿ ತೆಗೆಯಿರಿ. ಅಂಗೈ ಸಿಪ್ಪೆ ಎದ್ದಿದ್ದರೆ, ಬೆರಳಿಗೆ ಪೆಟ್ಟಾಗಿದ್ದರೆ ಮೊದಲ ಸೆಟ್ಟಿನಿಂದಲೇ ಕಟ್ಟಿದರೂ ತಪ್ಪಿಲ್ಲ.

ವಾರದಲ್ಲಿ ಎರಡು ದಿನ, ಕಸರತ್ತು ಮುಗಿದ ಮೇಲೆ, ಮುಷ್ಟಿಗಾಗಿಯೇ ಹತ್ತು ನಿಮಿಷ ಕೊಡಿ. ಒಂದು ದಿನ ಬಾರಿಗೆ ಜೋತುಬಿದ್ದು ಇರುವಷ್ಟು ಹೊತ್ತು ಇರಿ, ಭಾರದ ಡಂಬೆಲ್ಲೋ ನೀರು ತುಂಬಿದ ಕ್ಯಾನೋ ಎರಡೂ ಕೈಯಲ್ಲಿ ಹಿಡಿದು ನಡೆಯಿರಿ. ಇನ್ನೊಂದು ದಿನ ಎರಡು ಪ್ಲೇಟನ್ನು ನುಣುಪು ಮಗ್ಗುಲು ಹೊರಗೆ ಬರುವಂತೆ ಜೋಡಿಸಿ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಚಿವುಟಿ ಎತ್ತಿ, ಬಾರಿಗೆ ಟವೆಲ್ಲು ಸುತ್ತಿ ದಪ್ಪ ಮಾಡಿ ಹಿಡಿಯಿರಿ. ಮುಚ್ಚುವುದು, ಚಿವುಟುವುದು, ತಡೆದಿಡುವುದು ಮೂರೂ ಬೇರೆ ಬೇರೆ ಬಲ. ಒಂದನ್ನು ಮಾಡಿದರೆ ಇನ್ನೆರಡು ತಾವಾಗಿ ಬರುವುದಿಲ್ಲ.

ಕೊನೆಯದಾಗಿ ನಮ್ಮ ಊರುಗಳಲ್ಲಿ ಜಿಮ್ ನಡೆಸುವವರಿಗೆ ಒಂದು ಕೇಳಿಕೆ. ಯಂತ್ರಗಳಿಗೆ ಲಕ್ಷಗಟ್ಟಲೆ ಸುರಿಯುತ್ತೀರಿ. ಅದರ ಜೊತೆ ಒಂದು ಬಟ್ಟಲು ಚಾಕ್ ಇಡಿ, ತೊಲೆಗೆ ಒಂದು ದಪ್ಪ ಹಗ್ಗ ಇಳಿಬಿಡಿ, ಇಳಕಲ್ಲಿನ ಕಲ್ಲು ಕಡಿಯುವವರಿಂದ ಎರಡು ಮೂರು ಗುಂಡು ಮಾಡಿಸಿ ಮೂಲೆಯಲ್ಲಿ ಇರಿಸಿ. ಗ್ರಾನೈಟಿನ ಗುಂಡು 30 ಸೆಂಟಿಮೀಟರ್ ಅಡ್ಡಳತೆಯದಾದರೆ ಸುಮಾರು 38 ಕಿಲೊ ತೂಗುತ್ತದೆ, 35 ಸೆಂಟಿಮೀಟರಿನದು 60, 40 ಸೆಂಟಿಮೀಟರಿನದು 90. ಹೊಸಬರು ಮೊದಲ ಆರು ತಿಂಗಳಲ್ಲಿ, ಪಟ್ಟಿ ಮುಟ್ಟುವ ಮುನ್ನ, 38 ಕಿಲೊದ ಗುಂಡನ್ನು ಎದೆಗೆ ತರಲಿ. ಅಷ್ಟು ಮಾಡಿದವರು ಪಟ್ಟಿ ಯಾವಾಗ ಬೇಕು, ಯಾವಾಗ ಬೇಡ ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ.