ಕೈ ಕೆಸರಾದರೆ

ಗಾಳಿಯ ಟ್ಯಾಂಕು ಬೆನ್ನಿಗೇರಿಸಿ, ನೀರಿಗಿಳಿದು ಹೊಟ್ಟೆ ಹೊರೆಯುವ ಐದು ವಿಚಿತ್ರ ದಾರಿಗಳ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಮೊದಲನೆಯದರಲ್ಲೇ ಕಾಲು ಹೂತುಕೊಂಡಿದೆ; ಉಳಿದ ನಾಲ್ಕನ್ನು ಮನ್ನಿಸಬೇಕು.

ಅದು ಗಾಲ್ಫ್ ಚೆಂಡಿನ ದಂಧೆ. ಫ್ಲೋರಿಡಾದ ಗಾಲ್ಫ್ ಮೈದಾನಗಳ ಹೊಂಡಗಳಿಗೆ ಆಟಗಾರರು ದಿನವೂ ಚೆಂಡಿನ ಕಾಣಿಕೆ ಹಾಕುತ್ತಾರೆ. ಮೈದಾನದವರಿಂದ ಗುತ್ತಿಗೆ ಹಿಡಿದ ಡೈವರುಗಳು ಅವನ್ನು ಹೆಕ್ಕಿ ತೆಗೆಯುತ್ತಾರೆ. ತೊಳೆದು, ದರ್ಜೆ ಮಾಡಿ ಮತ್ತೆ ಮಾರಾಟ. ಚೆಂಡೊಂದಕ್ಕೆ ಹೆಕ್ಕುವವನಿಗೆ ಸಿಗುವುದು ಕೆಲವೇ ಸೆಂಟು, ಆದರೆ ಎಣಿಕೆ ಸಾವಿರಗಳಲ್ಲಿ. ಆಳವಿಲ್ಲದ್ದೇ ಲಾಭ. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ, 200 ಬಾರ್ ತುಂಬಿದ 11 ಲೀಟರ್ ಟ್ಯಾಂಕು 10 ಮೀಟರಿನಲ್ಲಿ 55 ನಿಮಿಷಕ್ಕೆ ಬರಿದಾದರೆ, 3 ಮೀಟರಿನ ಹೊಂಡದಲ್ಲಿ 80 ನಿಮಿಷ ದಾಟುತ್ತದೆ.

ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಬೆರಳು ಕೆಸರಿನೊಳಗೆ ತಡಕಾಡುತ್ತದೆ. ನುಣ್ಣಗಿದ್ದರೆ ಕಲ್ಲು. ಮೈತುಂಬ ಗುಳಿಗಳಿದ್ದರೆ ಚೆಂಡು. ತಾನಾಗಿ ಕದಲಿದರೆ ಆಮೆಯೋ ಅಲಿಗೇಟರೋ, ವಿಚಾರಿಸಲು ನಿಲ್ಲಬಾರದು.

ಇಲ್ಲಿ ನನ್ನದೊಂದು ಹಳೆಯ ಜಗಳವಿದೆ. ಮುಳುಗಲೆಂದು ನೇತ್ರಾಣಿ ದ್ವೀಪಕ್ಕೆ ಹೊರಟ ದೋಣಿಯಲ್ಲಿ, ಮುರ್ಡೇಶ್ವರದ ಗೋಪುರ ಮರೆಯಾಗುವ ಮೊದಲೇ 'ವಿಸಿಬಿಲಿಟಿ ಎಷ್ಟು ಸಾರ್?' ಎಂದು ಕೇಳುವವರ ಪಂಥದ ಜೊತೆ. ಈ ಚಟ ಅಂಟಿಸಿದ್ದು ಕೂಸ್ತೋ. 1943ರಲ್ಲಿ ಗಾನ್ಯಾನ ಜೊತೆ ಸೇರಿ ನಮಗೆಲ್ಲ ನೀರೊಳಗೆ ಉಸಿರಾಡುವ ಆಕ್ವಾಲಂಗ್ ಕೊಟ್ಟ ಪುಣ್ಯಾತ್ಮ, 1956ರ 'ದಿ ಸೈಲೆಂಟ್ ವರ್ಲ್ಡ್' ಚಿತ್ರದಲ್ಲಿ ಬಣ್ಣದ ಸಮುದ್ರ ತೋರಿಸಿ ಕಾನ್‌ನ ಪಾಮ್ ದೋರ್ ಹೊಡೆದುಕೊಂಡ. ಅಲ್ಲಿಂದ ಮುಳುಗುವುದೆಂದರೆ ನೋಡುವುದು ಎಂದಾಯಿತು. ನಾನೂ ಆ ಚಿತ್ರಕ್ಕೆ ಮರುಳಾದವನೇ. ಆದರೆ ತಿಳಿನೀರಿಗೆ ಇಳಿಯಲು ನಾವು ದುಡ್ಡು ಕೊಡುತ್ತೇವೆ. ಬೇರೆಯವರು ನಮಗೆ ಕೊಡುವುದು ಕದಡಿದ ನೀರಿಗೆ. ಕೆಲವರಿಗೆ ದುಡ್ಡೂ ಇಲ್ಲ, ಪುಣ್ಯವಷ್ಟೇ: 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿ ನದಿಗೆ ಇಳಿದ ಮುಳುಗು ತಜ್ಞರ ಮುಂದೆ ವಿಸಿಬಿಲಿಟಿಯ ಮಾತೆತ್ತಿ ನೋಡೋಣ.

ಕೆಸರಿನ ಪಂಥಕ್ಕೆ ಆದಿಗುರು ವಿಲಿಯಂ ವಾಕರ್. ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್ ಜೌಗುನೆಲದಲ್ಲಿ ಕುಸಿಯುತ್ತಿದ್ದಾಗ, 1906ರಿಂದ 1911ರವರೆಗೆ ದಿನಕ್ಕೆ ಆರು ಗಂಟೆ ಅಡಿಪಾಯದ ಕಗ್ಗತ್ತಲ ನೀರಿನಲ್ಲಿದ್ದು, ಕೈಯಲ್ಲೇ ತಡವುತ್ತ 25,000ಕ್ಕೂ ಹೆಚ್ಚು ಕಾಂಕ್ರೀಟ್ ಚೀಲ ಜೋಡಿಸಿದವನು. ಅವನಿಗೆ ಟ್ಯಾಂಕಿರಲಿಲ್ಲ, ಗಾಳಿ ಮೇಲಿನಿಂದ ಕೊಳವೆಯಲ್ಲಿ ಬರುತ್ತಿತ್ತು ಎಂದು ಕಾಗದ ಬರೆಯಬೇಡಿ, ಗೊತ್ತು.

1964ರಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ಫೋಟೊ ನೋಡಿ ಕೆತ್ತುವಾಗ ಎಡವಟ್ಟಾಗಿ, ಮುಖ ಮಾತ್ರ ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್‌ನದಾಯಿತು. ವಾಕರನದೇ ಮುಖದ ಪ್ರತಿಮೆ ಬಂದದ್ದು 2001ರಲ್ಲಿ. ಅಷ್ಟು ವರ್ಷ, ದಡದ ಮೇಲಿದ್ದವರಿಗೂ ವಿಸಿಬಿಲಿಟಿ ಸೊನ್ನೆ.