ಗೋಡೆಗೂ ಪೈಪಿಗೂ ನಡುವೆ ಒಂದು ಬೆರಳು

ಕಡೂರಿನ ಬಿ.ಎಚ್. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ನನಗೊಂದು ಹೆಸರಿದೆ, ಒಳ್ಳೆಯದಲ್ಲ. ಕೊಳ್ಳುವುದು ಎರಡು ಕ್ಲಾಂಪು, ಇಳಿಸಿ ನೋಡುವುದು ಹನ್ನೆರಡು ಡಬ್ಬಿ. ಸೀರೆ ಅಂಗಡಿಯಲ್ಲಿ ಸೆರಗು ಸವರಿ, ಬೆಳಕಿಗೆ ಹಿಡಿದು, ಬಿಚ್ಚಿ ಮಡಚಿ ನೋಡುವವರಿಗೆ ಟೀ ತರಿಸಿಕೊಡುತ್ತಾರೆ. ಕ್ಲಾಂಪಿನ ಅಂಚು ಸವರಿದರೆ ಮಾತ್ರ ‘ಎಷ್ಟು ಡಜನ್ ಕಟ್ಟೋಣ ಸಾರ್?’ ಅನ್ನುವ ಪ್ರಶ್ನೆ ಥಟ್ಟನೆ ಬರುತ್ತದೆ. ಪೈಪನ್ನು ಗೋಡೆಗೆ ಹಿಡಿದಿಡುವ ಈ ಪುಟ್ಟ ಲೋಹದ ತುಂಡಿನಲ್ಲಿ ನೋಡುವಂಥದ್ದು ಏನಿದೆಯೆಂದು ಮಾರುವವರಿಗೇ ಅಚ್ಚರಿ. ಈ ವಾರದ ಅಂಕಣ ಅವರಿಗಾಗಿ.

ಮನೆ ಕಟ್ಟುವಾಗ ಪೈಪಿಗೆ ಕಂಪನಿ ನೋಡುತ್ತೇವೆ, ನಲ್ಲಿಗೆ ಹೊಳಪು ನೋಡುತ್ತೇವೆ, ಟ್ಯಾಂಕಿಗೆ ಎಷ್ಟು ಪದರ ಎಂದು ಕೇಳುತ್ತೇವೆ. ಕ್ಲಾಂಪಿನ ಸರದಿ ಬಂದಾಗ ‘ಯಾವ್ದೋ ಒಂದು ಹಾಕಪ್ಪ’ ಅಂದುಬಿಡುತ್ತೇವೆ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡುವುದೆಂದರೆ ಇದೇ.

ಡಬ್ಬಿ ಇಳಿಸಿದ್ದಾಯಿತಲ್ಲ, ಒಂದೊಂದಾಗಿ ನೋಡೋಣ. ಮೊದಲನೆಯದು ಸ್ಯಾಡಲ್. ಹೆಸರೇ ಹೇಳುವಂತೆ ಕುದುರೆಯ ಜೀನು: ಬಗ್ಗಿಸಿದ ತಗಡು, ಎರಡು ಕಿವಿ, ಕಿವಿಗೊಂದು ತೂತು. ಪೈಪನ್ನು ಗೋಡೆಗೆ ಒತ್ತಿ ಕೂರಿಸುತ್ತದೆ, ಹಿಂದೆ ಮುಂದೆ ಸರಿಸುವ ಮಾತೇ ಇಲ್ಲ. ಎರಡನೆಯದು ಯು ಕ್ಲಾಂಪ್. ಟ್ಯಾಂಕಿನ ಸ್ಟ್ಯಾಂಡಿಗೋ ಆಂಗಲ್ ಕಬ್ಬಿಣಕ್ಕೋ ಸೊಗಸಾಗಿ ಒಗ್ಗುತ್ತದೆ, ಗೋಡೆಯ ಜೊತೆ ಅದಕ್ಕೆ ನಂಟಿಲ್ಲ. ಮೂರನೆಯದು ಪ್ಲಾಸ್ಟಿಕ್ ಕ್ಲಿಪ್ಪು: ಪೈಪನ್ನು ಒತ್ತಿದರೆ ‘ಟಕ್’ ಎಂದು ಒಳಗೆ ಕೂರುತ್ತದೆ. ನೆರಳಿನಲ್ಲಿ ವರ್ಷಗಟ್ಟಲೆ ಬಾಳುತ್ತದೆ, ಬಿಸಿಲಿಗೆ ಬಿದ್ದರೆ ಒಣಗಿದ ಹಪ್ಪಳ.

ನಾಲ್ಕನೆಯದು ನನ್ನ ಮೆಚ್ಚಿನದು. ಕಬ್ಬಿಣದ ಎರಡು ಅರ್ಧಚಂದ್ರ, ಎರಡನ್ನೂ ಸೇರಿಸುವ ಸ್ಕ್ರೂ, ಒಳಮೈಗೆ ರಬ್ಬರ್ ಪಟ್ಟಿ, ಬೆನ್ನಿಗೆ ಬೆಸುಗೆ ಹಾಕಿದ ನಟ್ಟು. ಆ ನಟ್ಟಿಗೆ 8 ಅಥವಾ 10 ಮಿ.ಮೀ. ದಪ್ಪದ ಬೋಲ್ಟ್. ಬೋಲ್ಟಿನ ಒಂದು ತುದಿ ಗೋಡೆಯೊಳಗಿನ ಪ್ಲಗ್ಗಿಗೆ, ಇನ್ನೊಂದು ತುದಿ ಕ್ಲಾಂಪಿನ ಬೆನ್ನಿಗೆ. ಕ್ಲಾಂಪನ್ನು ಒಂದು ಸುತ್ತು ತಿರುಗಿಸಿದರೆ ಪೈಪು ಗೋಡೆಯಿಂದ ಕೂದಲೆಳೆಯಷ್ಟು ಮುಂದೆ, ಹಿಂದಕ್ಕೆ ತಿರುಗಿಸಿದರೆ ಅಷ್ಟೇ ಹಿಂದೆ. ಹಳೆಯ ಗೋಡೆ ಹೊಟ್ಟೆ ಬಿಟ್ಟುಕೊಂಡಿದ್ದರೂ ಪೈಪು ಮಾತ್ರ ತೂಕದ ಗುಂಡು ಬಿಟ್ಟಂತೆ ನೆಟ್ಟಗೆ ಇಳಿಯುತ್ತದೆ. ಇದೇ ಕ್ಲಾಂಪನ್ನು ಉದ್ದನೆಯ ಥ್ರೆಡ್ ಸರಳಿನಿಂದ ಸ್ಲ್ಯಾಬಿಗೆ ತೂಗುಹಾಕಿದರೆ ಬಚ್ಚಲ ಪೈಪಿಗೆ ಬೇಕಾದ ಇಳಿಜಾರು ಕೊಡಬಹುದು. ನಲವತ್ತಕ್ಕೆ ಒಂದರ ಲೆಕ್ಕ, ಅಂದರೆ ಮೀಟರಿಗೆ 25 ಮಿ.ಮೀ. ಇಳಿತ. ನಟ್ಟು ತಿರುಗಿಸುತ್ತ ರಸಮಟ್ಟದ ಗುಳ್ಳೆ ಸರಿಯುವುದನ್ನು ನೋಡುವುದು ತಂಬೂರಿ ಶ್ರುತಿ ಮಾಡುವವರಿಗೆ ಸಿಗುವ ಸುಖಕ್ಕೆ ಕಡಿಮೆಯದೇನಲ್ಲ.

ಈ ಸುಖ ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ತಾರಸಿಯ ಸೋಲಾರ್‌ನಿಂದ ಬಚ್ಚಲಿಗೆ ಬರುವ ಸಿಪಿವಿಸಿ ಪೈಪನ್ನು ಒಂದು ಭಾನುವಾರ ನಾನೇ ಗೋಡೆಗೆ ಹೊಡೆದೆ. ಇಪ್ಪತ್ತು ಅಡಿಗೆ ಏಳೆಂಟು ತಗಡಿನ ಸ್ಯಾಡಲ್, ಪ್ರತಿಯೊಂದನ್ನೂ ಸ್ಕ್ರೂ ಕಿರ್ರೆನ್ನುವವರೆಗೆ ಬಿಗಿದೆ. ಕೆಲಸ ಕಂಡು ಮನೆಯವಳೂ ಮೆಚ್ಚಿದಳು. ಆಮೇಲೆ ಬಿಸಿನೀರು ಬಿಟ್ಟಾಗಲೆಲ್ಲ ಪೈಪು ಸ್ಯಾಡಲ್‌ಗಳ ನಡುವೆ ಹಾವಿನಂತೆ ಡೊಂಕಾಗತೊಡಗಿತು. ಬೆಳಿಗ್ಗೆ ನೋಡಿದರೆ ಮತ್ತೆ ನೆಟ್ಟಗೆ. ಮೂರನೆಯ ತಿಂಗಳು ಎಲ್ಬೋ ಹತ್ತಿರ ಹನಿಯಲು ಶುರು. ಬಂದ ಪ್ಲಂಬರ್ ಹುಡುಗ ಒಂದು ಸ್ಯಾಡಲ್ ಬಿಚ್ಚಿ, ಪೈಪಿನ ಮೇಲೆ ತಗಡಿನ ಅಂಚು ಕೊರೆದ ಗೀರನ್ನು ಉಗುರಿನಿಂದ ತೋರಿಸಿ ಹೇಳಿದ: ‘ಬಿಗಿದ್ರೆ ನಿಲ್ಲುತ್ತೆ ಅನ್ಕೊಂಡ್ರಾ ಸಾರ್? ಬಿಗಿದಿದ್ದಕ್ಕೇ ಬಿಟ್ಕೊಂಡಿರೋದು ಇದು.’

ಅವನ ಮಾತಿಗೆ ಲೆಕ್ಕದ ಬೆಂಬಲವಿದೆ. ಪಿವಿಸಿ ಪೈಪು ಒಂದು ಮೀಟರಿಗೆ, ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 0.07 ಮಿ.ಮೀ. ಉದ್ದವಾಗುತ್ತದೆ, ಸಿಪಿವಿಸಿಯೂ ಹೆಚ್ಚು ಕಡಿಮೆ ಅಷ್ಟೇ. ಕೇಳಲು ಏನೂ ಅಲ್ಲ. ಆದರೆ ಹತ್ತು ಮೀಟರ್ ಪೈಪು ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ 30 ಡಿಗ್ರಿ ಏರಿದರೆ 21 ಮಿ.ಮೀ. ಬೆಳೆಯುತ್ತದೆ, ಅಂದರೆ ಮುಕ್ಕಾಲು ಇಂಚಿಗೂ ಮಿಗಿಲು. ಅದೇ ಜಿಐ ಪೈಪಾದರೆ ನಾಲ್ಕು ಮಿ.ಮೀ. ಕೂಡ ಇಲ್ಲ. ಬೆಳೆದ ಪೈಪಿಗೆ ಹೋಗಲು ಜಾಗ ಬೇಕು. ಎಲ್ಲ ಕಡೆ ಕತ್ತು ಹಿಸುಕಿದರೆ ಅದು ನಡುವೆ ಬಾಗುತ್ತದೆ, ಇಲ್ಲವೇ ಸಲ್ಯೂಷನ್ ಹಾಕಿದ ಕೀಲನ್ನು ಒದೆಯುತ್ತದೆ.

ಉಪಾಯ ಸರಳ. ಉದ್ದನೆಯ ಓಟಕ್ಕೆ ಒಂದೇ ಒಂದು ಕ್ಲಾಂಪು ಬಿಗಿ, ಮಧ್ಯದಲ್ಲಿ. ಉಳಿದವೆಲ್ಲ ಭಾರ ಹೊರಬೇಕು, ಉದ್ದಕ್ಕೆ ಮಾತ್ರ ಜಾರಗೊಡಬೇಕು. ಎಲ್ಬೋಗೆ ತಾಗಿಸಿ ಕ್ಲಾಂಪು ಹೊಡೆಯಲೇಬಾರದು. ತಿರುವು ಕೈಮಡಚಿದಂತೆ ಮಡಚಿ ಬಿಚ್ಚಿಕೊಳ್ಳಲು ಅಲ್ಲಿ ಎಡೆ ಇರಬೇಕು. ಅಜ್ಜಂಪುರದ ಕಡೆ ಅಮೃತಮಹಲ್ ಎತ್ತು ಕಟ್ಟಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೂಟ ಅಲುಗಬಾರದು, ಹಗ್ಗಕ್ಕೆ ಸಡಿಲ ಇರಬೇಕು.

ಅಲುಗಲೇಬಾರದ ಕ್ಲಾಂಪು ಹೇಗಿರುತ್ತದೆ ಎಂಬುದನ್ನು ನೋಡಲು ಕಡೂರಿನ ತೆಂಗಿನ ತೋಟಗಳಿಗೇ ಹೋಗಬೇಕು. ಬೋರಿಗೆ ಮೋಟರ್ ಇಳಿಸುವ ದಿನ ಹುಡುಗರ ಕೈಯಲ್ಲಿ ಒಂದು ಜೊತೆ ದಪ್ಪ ಪಟ್ಟಿಯ ಕ್ಲಾಂಪು ಇರುತ್ತದೆ. ಇಪ್ಪತ್ತು ಅಡಿಯ ಒಂದು ಜಿಐ ಪೈಪು ಇಳಿಸಿ, ಕಾಲರಿನ ಕೆಳಗೆ ಕ್ಲಾಂಪು ಬಿಗಿದು, ಕೇಸಿಂಗ್ ಬಾಯಿಯ ಮೇಲೆ ಕೂರಿಸುತ್ತಾರೆ. ಮುಂದಿನ ಪೈಪನ್ನು ಎತ್ತಿ ತಿರುಗಿಸಿ ಸೇರಿಸುವ ತನಕ ಕೆಳಗಿನದೆಲ್ಲ ಆ ಎರಡು ಬೋಲ್ಟುಗಳ ಮೇಲೆ ನೇತಾಡುತ್ತಿರುತ್ತದೆ. ಆರುನೂರು ಅಡಿಯ ಬೋರೆಂದರೆ ಮೂವತ್ತು ಪೈಪು. ಒಂದೂವರೆ ಇಂಚಿನ ಮಧ್ಯಮ ದಪ್ಪದ ಜಿಐ ಮೀಟರಿಗೆ ಸುಮಾರು ಮೂರೂವರೆ ಕಿಲೋ ತೂಗುತ್ತದೆ. ಮೋಟರು, ಕೇಬಲ್ಲು ಬಿಟ್ಟು ಪೈಪೊಂದೇ ಆರುನೂರು ಕಿಲೋ ದಾಟಿತು. ನೀರು ತುಂಬಿದ ಮೇಲೆ ಇನ್ನೂ ಇನ್ನೂರೈವತ್ತು. ಮೂವತ್ತನೆಯ ಪೈಪಿನ ಹೊತ್ತಿಗೆ ಯಾರೂ ಮಾತಾಡುವುದಿಲ್ಲ. ಸ್ಪ್ಯಾನರ್ ಹಿಡಿದವನ ಕಣ್ಣು ನಟ್ಟಿನ ಮೇಲೆ, ತೋಟದ ಯಜಮಾನನ ಕಣ್ಣು ಆಕಾಶದ ಮೇಲೆ.

ಗೋಡೆಯ ಕ್ಲಾಂಪಿಗೆ ಆ ಭಾರವಿಲ್ಲ, ಬೇರೆ ಕಷ್ಟಗಳಿವೆ. ಮೂರು ಊರಿಗೆ ಮೂರು ಬಗೆ.

ಕಡೂರಿನದು ಬಿಸಿಲು ಮತ್ತು ಮೋಟರಿನ ಒದೆ. ಬೋರಿನಿಂದ ಟ್ಯಾಂಕಿಗೆ ಏರುವ ಪೈಪು ಮೋಟರ್ ಶುರುವಾದಾಗ ಒಮ್ಮೆ ನಡುಗುತ್ತದೆ. ಕರೆಂಟ್ ಹೋದಾಗ ಮೇಲೇರಿದ ನೀರು ಹಿಂದಕ್ಕೆ ಬಿದ್ದು ವಾಲ್ವ್ ಮುಚ್ಚಿ ‘ಧಡ್’ ಎಂದು ಇನ್ನೊಮ್ಮೆ ನಡುಗುತ್ತದೆ. ತ್ರೀ ಫೇಸ್ ನಡುರಾತ್ರಿ ಬಂದರೆ ಮನೆಯವರಿಗೆಲ್ಲ ಎಚ್ಚರ. ಇಲ್ಲಿ ರಬ್ಬರ್ ಪಟ್ಟಿಯ ಕ್ಲಾಂಪೇ ಬೇಕು. ರಬ್ಬರು ಸದ್ದನ್ನು ನುಂಗುತ್ತದೆ, ಪೈಪಿನ ಮೈಗೆ ಗೀರು ಬೀಳದಂತೆ ಕಾಯುತ್ತದೆ. ಅಂತರ ಮೂರಡಿಗೊಂದು, ಬಿಸಿನೀರಿನ ಪೈಪಿಗೆ ಅದಕ್ಕಿಂತ ಹತ್ತಿರ, ಯಾಕೆಂದರೆ ಬಿಸಿಯಾದ ಪ್ಲಾಸ್ಟಿಕ್ ಮೆತ್ತಗಾಗಿ ಜೋಲುತ್ತದೆ.

ಬೀರೂರು ದಾಟಿ ತರೀಕೆರೆ ಕಡೆ ಹೊರಟರೆ ಗೋಡೆಗಳ ಬಣ್ಣವೇ ಬದಲಾಗುತ್ತದೆ. ಪಾಚಿ ಕಟ್ಟುವ ಸೀಮೆ. ಕಬ್ಬಿಣಕ್ಕೂ ಈ ತಾಲ್ಲೂಕಿಗೂ ಹಳೆಯ ನಂಟು. 1923ರಲ್ಲಿ ಕೆಲಸ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಇಲ್ಲಿನ ಕೆಮ್ಮಣ್ಣುಗುಂಡಿಯಿಂದ, ಆ ಕಾರ್ಖಾನೆ ಎರಕದ ಪೈಪುಗಳನ್ನೂ ಮಾಡುತ್ತಿತ್ತು. ಎರಕದ ಮಳೆನೀರಿನ ಪೈಪಿಗೆ ಕ್ಲಾಂಪೇ ಬೇಡವಾಗಿತ್ತು, ಬಾಯಿಯ ಎರಡು ಬದಿಗೆ ಕಿವಿಗಳನ್ನು ಸೇರಿಸಿಯೇ ಎರಕ ಹೊಯ್ಯುತ್ತಿದ್ದರು. ಕಿವಿಯಿಲ್ಲದ ಪೈಪಿಗೆ ಹೋಲ್ಡರ್‌ಬ್ಯಾಟ್: ಎರಡು ಹೋಳಿನ ಬಳೆ, ಗೋಡೆಯೊಳಗೆ ಸಿಮೆಂಟಿನಲ್ಲಿ ಹೂತ ಬಾಲ. ಅದಕ್ಕೂ ಹಿಂದೆ ಮಲೆನಾಡಿನಲ್ಲಿ ಸೂರಿನ ನೀರು ಹಿಡಿಯುತ್ತಿದ್ದದ್ದು ಅಡಿಕೆ ದಂಬೆ, ಹಿಡಿದಿಡುತ್ತಿದ್ದದ್ದು ಹಗ್ಗ. ಮಳೆ ಜೋರಾದರೆ ಗಂಟು ಸಡಿಲಿಸಿ ಒಂದು ಬದಿ ಇಳಿಸಿದರಾಯಿತು. ಬೇಕಾದಂತೆ ಹೊಂದಿಸಿಕೊಳ್ಳುವ ಕ್ಲಾಂಪು ಈ ಸೀಮೆಗೆ ಹೊಸದೇನಲ್ಲ.

ಕೆಮ್ಮಣ್ಣಿನಿಂದ ಬಂದ ಕಬ್ಬಿಣ ತರೀಕೆರೆಯ ಮಳೆಗೆ ಸಿಕ್ಕರೆ ಮತ್ತೆ ಕೆಮ್ಮಣ್ಣಾಗಲು ಹಾತೊರೆಯುತ್ತದೆ. ಪೈಪು ಗೋಡೆಗೆ ಅಂಟಿಕೊಂಡಿದ್ದರೆ ಹಿಂದಿನ ತೇವ ಆರುವುದೇ ಇಲ್ಲ. ತುಕ್ಕು ಕಾಣದ ಬದಿಯಿಂದ ಶುರುವಾಗಿ ಒಂದು ದಿನ ಮುಂದೆ ಬಂದು ಹಲ್ಲು ಕಿರಿಯುತ್ತದೆ. ಒಂದು ಬೆರಳು ಅಡ್ಡ ಹಿಡಿದು ಹಿಂದೆ ತೂರುವಷ್ಟು ಎಡೆ ಬಿಡಿ. ಗಾಳಿ ಆಡುತ್ತದೆ, ಬಣ್ಣದ ಬ್ರಷ್ಷೂ ಹೋಗುತ್ತದೆ. ಇನ್ನೊಂದು ಮಾತು: ಕ್ಲಾಂಪಿಗೆ ಸತು ಲೇಪ ಇದೆಯೆಂದು ಬೀಗುವವರು ಸ್ಕ್ರೂ ಮಾತ್ರ ಬರಿ ಕಬ್ಬಿಣದ್ದು ಹಾಕುತ್ತಾರೆ. ಮೊದಲು ಸಾಯುವುದು ಸ್ಕ್ರೂ. ಇಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗೆ ಕೊಟ್ಟ ದುಡ್ಡು ದುಂದಲ್ಲ.

ಅಜ್ಜಂಪುರದ ಕಷ್ಟ ಕಾಲ ಕೆಳಗಿನದು. ಈರುಳ್ಳಿ ಬೆಳೆಯುವ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕಾಲು ತೂರುವಷ್ಟು ಬಿರುಕು ಬಿಡುತ್ತದೆ. ಗೋಡೆ ಒಂದು ಕಡೆ ಎಳೆದರೆ ನೆಲದೊಳಗಿನ ಪೈಪು ಇನ್ನೊಂದು ಕಡೆ ಎಳೆಯುತ್ತದೆ. ನೆಲದಿಂದ ಏಳುವ ಪೈಪಿನ ಮೊದಲ ಕ್ಲಾಂಪು ಇಲ್ಲಿ ಮೇಲೆ ಕೆಳಗೆ ಜಾರುವಂತಿರಬೇಕು, ವರ್ಷಕ್ಕೊಮ್ಮೆ ಒಂದೆರಡು ಸುತ್ತು ತಿರುಗಿಸಿ ನೇರ ಮಾಡುವಂತಿರಬೇಕು. ಭದ್ರಾ ಮೇಲ್ದಂಡೆಯ ನೀರಿಗಾಗಿ ಗುಡ್ಡದಡಿ ಸುಮಾರು ಏಳು ಕಿಲೋಮೀಟರ್ ಸುರಂಗ ಕೊರೆದ ಸೀಮೆಯಿದು. ಆದರೂ ಹಳೆಯ ಮಣ್ಣಿನ ಗೋಡೆಗೆ ಕಾಲು ಇಂಚಿನ ತೂತು ಕೊರೆದು ಸ್ಕ್ರೂ ನಿಲ್ಲಿಸುವುದು ಇವತ್ತಿಗೂ ಸಲೀಸಲ್ಲ.

ಹಳಬರು ಅದಕ್ಕೆ ಗೋಡೆಯಲ್ಲಿ ಮರದ ಬೆಣೆ ಹೂತು ಮೊಳೆ ಹೊಡೆಯುತ್ತಿದ್ದರು. ಬೆಣೆಯ ಜಾಗಕ್ಕೆ ನಾರಿನ ಪುಟ್ಟ ಪ್ಲಗ್ ತಂದವನು ಲಂಡನ್ನಿನ ಜಾನ್ ರಾಲಿಂಗ್ಸ್. ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳನ್ನು ಹಾಳುಮಾಡದೆ ವಿದ್ಯುತ್ ಸಾಮಾನು ಕೂರಿಸಬೇಕಾದ ಕೆಲಸದಲ್ಲಿ, 1911ರ ಸುಮಾರಿಗೆ ಹೊಳೆದ ಉಪಾಯವದು. ನಮ್ಮ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಆತ ‘ರಾವಲ್ ಪ್ಲಗ್’ ಆಗಿ ಇನ್ನೂ ಬದುಕಿದ್ದಾನೆ. ಇಂದು ಡಬ್ಬಿಗಟ್ಟಲೆ ಸಿಗುವ ನೈಲಾನ್ ಪ್ಲಗ್ಗು ಜರ್ಮನಿಯ ಆರ್ಟುರ್ ಫಿಶರ್ 1958ರಲ್ಲಿ ಮಾಡಿದ್ದರ ಸಂತತಿ. ಸ್ಕ್ರೂ ಒಳಗಿಳಿದಂತೆ ಪ್ಲಗ್ಗಿನ ಹೊಟ್ಟೆ ಅರಳಿ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಗೋಡೆ ಗಟ್ಟಿಯಿದ್ದರೆ ಮಾತ್ರ ಈ ಮಾತು. ಮಣ್ಣಿನ ಗೋಡೆಗೆ ಹಳೆಯ ಬೆಣೆಯೇ ವಾಸಿ. ಟೊಳ್ಳು ಸಿಮೆಂಟ್ ಬ್ಲಾಕಿಗೆ ಕೊರೆಯುವುದಾದರೆ ಬ್ಲಾಕುಗಳ ನಡುವಿನ ಗಟ್ಟಿ ಭಾಗ ಹುಡುಕಿ ಕೊರೆಯಿರಿ, ಟೊಳ್ಳಿಗೆ ಬಿದ್ದರೆ ಪ್ಲಗ್ ಅರಳಿದ್ದೂ ಗಾಳಿಗೆ. ತೂತಿನ ಪುಡಿಯನ್ನು ಊದಿ ತೆಗೆಯಿರಿ, ಕಣ್ಣು ಮುಚ್ಚಿಕೊಂಡು.

ಹೀಗೆ ಪ್ಲಗ್ಗು, ಬೋಲ್ಟು, ರಬ್ಬರು ಎಲ್ಲ ಸರಿಯಾಗಿ ಕೊಂಡವರೂ ಕೊನೆಗೆ ಮುಗ್ಗರಿಸುವುದು ಅಳತೆಯಲ್ಲಿ. ‘ಅರ್ಧ ಇಂಚಿನ ಕ್ಲಾಂಪು ಕೊಡಿ’ ಅನ್ನುತ್ತೇವೆ. ಯಾವ ಅರ್ಧ ಇಂಚು? ಅರ್ಧ ಇಂಚಿನ ಜಿಐ ಪೈಪಿನ ಹೊರಸುತ್ತಿನ ಅಡ್ಡಳತೆ 21.3 ಮಿ.ಮೀ. ಅರ್ಧ ಇಂಚಿನ ಸಿಪಿವಿಸಿಯದು 15.9. ತೋಟಕ್ಕೆ ಎಳೆಯುವ ಬೂದು ಬಣ್ಣದ ಪಿವಿಸಿ ಇಂಚಿನ ಗೊಡವೆಗೇ ಹೋಗದೆ ಹೊರ ಅಳತೆಯನ್ನೇ ಹೆಸರು ಮಾಡಿಕೊಂಡು 20, 25, 32 ಎಂದು ಓಡುತ್ತದೆ. ಜಿಐ ಕ್ಲಾಂಪಿಗೆ ಸಿಪಿವಿಸಿ ಹಾಕಿದರೆ ಗಿಲಕಿಯಂತೆ ಅಲ್ಲಾಡುತ್ತದೆ. ಆಗ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಕಟ್ಟುತಂತಿ ಬಿಗಿದು, ‘ಸದ್ಯಕ್ಕೆ ಇರಲಿ’ ಅನ್ನುತ್ತೇವೆ. ಆ ಸದ್ಯಕ್ಕೆ ಹತ್ತು ವರ್ಷ ತುಂಬಿದ ಮನೆಗಳು ಮೂರೂ ಊರಲ್ಲಿವೆ.

ಕೊನೆಗೆ ನನ್ನ ತೀರ್ಪು: ಕೈಗೆಟಕುವ ಕಡೆ, ನೆರಳಲ್ಲಿ, ಗಿಡ್ಡ ಪೈಪಿಗೆ ಸ್ಯಾಡಲ್ ಸಾಕು. ಹೊರಗೋಡೆಗೆ, ಬಿಸಿನೀರಿಗೆ, ಮೋಟರಿನ ಪೈಪಿಗೆ ರಬ್ಬರ್ ಪಟ್ಟಿಯ, ತಿರುಗಿಸಿ ಹೊಂದಿಸುವ ಕ್ಲಾಂಪು ಬಿಟ್ಟು ಬೇರೇನೂ ಬೇಡ. ಅಂಗಡಿಗೆ ಹೋಗುವಾಗ ಇಂಚಿನ ಲೆಕ್ಕ ಬಾಯಲ್ಲಿ ಹೇಳಬೇಡಿ, ಒಂದು ಗೇಣು ಪೈಪಿನ ತುಂಡನ್ನೇ ಕೈಯಲ್ಲಿ ಹಿಡಿದು ಹೋಗಿ. ಕ್ಲಾಂಪನ್ನು ಅದಕ್ಕೆ ಹಾಕಿ ನೋಡಿಯೇ ದುಡ್ಡು ಕೊಡಿ. ಅಂಗಡಿಯವರು ಮುಖ ಸಿಂಡರಿಸಿದರೆ ನನ್ನ ಹೆಸರು ಹೇಳಿ, ಅವರಿಗೆ ಅಭ್ಯಾಸವಿದೆ.