ಜನಪದೋದ್ಧ್ವಂಸನೀಯಾಧ್ಯಾಯವೂ ಶಿಷ್ಯನ ಸಂಶಯವೂ

ಚರಕಸಂಹಿತೆಯ ವಿಮಾನಸ್ಥಾನದ 3ನೆಯ ಅಧ್ಯಾಯವು ಜನಪದೋದ್ಧ್ವಂಸನೀಯವೆಂದು ಪ್ರಸಿದ್ಧವಾಗಿದೆ. 2020ರಲ್ಲಿ ಕೋವಿಡ್ ವ್ಯಾಧಿಯು ಹಬ್ಬಿದಂದಿನಿಂದ ಇದನ್ನು ಉದಾಹರಿಸುವವರು ಹೆಚ್ಚಿದರು. ಆದರೆ ವಾಯು, ಉದಕ, ದೇಶ, ಕಾಲಗಳ ವಿಕೃತಿಯನ್ನು ಹೇಳುವ ಭಾಗವನ್ನು ದಾಟಿ ಮುಂದಕ್ಕೆ ಹೋಗುವವರು ವಿರಳ. ಆಯುಃಪ್ರಮಾಣವನ್ನು ಕುರಿತ ಉತ್ತರಭಾಗವು ಅಪ್ರಸ್ತುತವೆಂಬಂತೆ ಬಿಟ್ಟುಹೋಗುತ್ತದೆ. ಈ ಉಪೇಕ್ಷೆಯು ಯುಕ್ತವಲ್ಲ.

ಬೇಸಗೆಯ ಕಡೆಯಲ್ಲಿ, ಪಾಂಚಾಲದ ಕಾಂಪಿಲ್ಯದಲ್ಲಿ, ಗಂಗಾತೀರದ ವನದೊಳಗೆ ಶಿಷ್ಯರೊಡನೆ ಸಂಚರಿಸುತ್ತಿದ್ದ ಆತ್ರೇಯ ಪುನರ್ವಸುವು ಬರಲಿರುವ ಕೇಡನ್ನು ಊಹಿಸಿ, ಮೂಲಿಕೆಗಳು ಸಾರಗುಂದುವ ಮೊದಲೇ ಅವನ್ನು ಸಂಗ್ರಹಿಸಿರೆಂದು ಹೇಳುತ್ತಾನೆ. ಅಗ್ನಿವೇಶನು ಆಜ್ಞೆಯನ್ನು ಮೀರುವುದಿಲ್ಲ, ಪ್ರಶ್ನೆಯನ್ನೂ ಬಿಡುವುದಿಲ್ಲ. ಪ್ರಕೃತಿ, ಆಹಾರ, ಬಲ, ವಯಸ್ಸುಗಳು ಬೇರೆಬೇರೆಯಾಗಿರುವ ಜನರು ಒಂದೇ ವ್ಯಾಧಿಯಿಂದ ಏಕಕಾಲದಲ್ಲಿ ಹೇಗೆ ನಾಶವಾದಾರು? ಇದು ತರುಣವಿದ್ಯಾರ್ಥಿಗೆ ಸಹಜವಾದ ಸಂಶಯ. ರೋಗವು ದುರ್ಬಲರ ಪಾಲು, ತನ್ನ ಮೈ ಗಟ್ಟಿಯಾಗಿದೆ ಎಂಬ ನೆಚ್ಚಿಕೆಯು ಇಂದಿನ ವಿಶ್ವವಿದ್ಯಾನಿಲಯಗಳಲ್ಲಿಯೂ ಇಲ್ಲದಿಲ್ಲ. ಗುರುವಿನ ಉತ್ತರವು ಆ ನೆಚ್ಚಿಕೆಯ ಬೇರನ್ನೇ ಕೀಳುತ್ತದೆ: ದೇಹಗಳು ಭಿನ್ನವಾದರೂ ಉಸಿರಾಡುವ ಗಾಳಿ, ಕುಡಿಯುವ ನೀರು ಸಾಧಾರಣ.

1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದವರು, ಕ್ಷಯರೋಗದ ಎಕ್ಸ್‌ರೇ ಪರೀಕ್ಷೆಗೆ ಜನರು ಏಕೆ ಬರುವುದಿಲ್ಲವೆಂದು ವಿಚಾರಿಸಿ ಒಂದು ವಾದವನ್ನು ಕಟ್ಟಿದರು. ರೋಗವು ತನಗೂ ತಗಲೀತೆಂಬ ಅರಿವು, ಅದರ ಉಗ್ರತೆಯ ಅರಿವು, ಉಪಾಯದ ಫಲ, ಅದಕ್ಕಿರುವ ಅಡ್ಡಿ ಇವುಗಳನ್ನು ತೂಗಿಯೇ ಮನುಷ್ಯನು ಪ್ರವರ್ತಿಸುವನೆಂಬುದು ಅದರ ಸಾರ. ತನ್ನಿಂದ ಇದು ಸಾಧ್ಯವೆಂಬ ಸ್ವಸಾಮರ್ಥ್ಯನಂಬಿಕೆಯನ್ನು 1988ರಲ್ಲಿ ಸೇರಿಸಿದರು. ಅಗ್ನಿವೇಶನ ಇನ್ನೊಂದು ಪ್ರಶ್ನೆಯು ಇದರ ನೆರೆಯದೇ: ಆಯುಸ್ಸು ನಿಯತವೋ ಅನಿಯತವೋ? ಎಲ್ಲರದೂ ನಿಯತವಾದರೆ ಚಿಕಿತ್ಸೆಯೂ ಎಚ್ಚರಿಕೆಯೂ ವ್ಯರ್ಥವಾದಾವೆಂದು ಆತ್ರೇಯನು ದೈವದ ಬದಿಯಲ್ಲಿ ಪುರುಷಕಾರವನ್ನು ನಿಲ್ಲಿಸುತ್ತಾನೆ. ಹಣೆಬರಹವೆಂದು ಕೈಚೆಲ್ಲಿದವನಿಗೆ ಪಥ್ಯವನ್ನು ಬೋಧಿಸಿ ಏನು ಫಲ? ಉತ್ತರಭಾಗವು ಪ್ರಸ್ತುತವಾಗುವುದು ಹೀಗೆ.

ಅಧ್ಯಾಯದಲ್ಲಿ ನ್ಯೂನತೆಯೂ ಇದೆ. ಒಬ್ಬನಿಂದ ಇನ್ನೊಬ್ಬನಿಗೆ ರೋಗವು ದಾಟುವ ಬಗೆಯನ್ನು ಅದು ವಿವರಿಸದು. ಅದಕ್ಕೆ ಸುಶ್ರುತದ ನಿದಾನಸ್ಥಾನದ 5ನೆಯ ಅಧ್ಯಾಯವನ್ನೇ ನೋಡಬೇಕು. ಸ್ಪರ್ಶ, ನಿಶ್ವಾಸ, ಸಹಭೋಜನ, ಒಂದೇ ಹಾಸಿಗೆ, ಪರರ ವಸ್ತ್ರ ಇವುಗಳನ್ನು ಅದು ಎಣಿಸುತ್ತದೆ. ವಿದ್ಯಾರ್ಥಿನಿಲಯದ ದಿನಚರಿಯನ್ನೇ ಬರೆದಂತಿದೆ! ಆದರೂ ಇದರಲ್ಲಿ ರೋಗಾಣುವಾದವನ್ನು ಹುಡುಕುವ ಉತ್ಸಾಹವು ಗ್ರಂಥಕ್ಕೆ ಮಾಡುವ ಉಪಕಾರವಲ್ಲ. ಸಹವಾಸದಿಂದ ವ್ಯಾಧಿ ಹರಡುವುದನ್ನು ಕಾಣುವುದು ಬೇರೆ, ಅದರ ಬೀಜವನ್ನು ಸೂಕ್ಷ್ಮದರ್ಶಕದಲ್ಲಿ ಕಾಣುವುದು ಬೇರೆ.

ಆಧುನಿಕವಾದವು ಅಡ್ಡಿಯನ್ನು ಹೇಳಿದರೂ ಅದನ್ನು ವಿದ್ಯಾರ್ಥಿಯ ಮನಸ್ಸಿನ ತಕ್ಕಡಿಯಲ್ಲಿಯೇ ಇಡುತ್ತದೆ. ಚರಕವು ಪ್ರಜ್ಞಾಪರಾಧವನ್ನು ಮೂಲವೆಂದು ಹೇಳಿಯೂ ಅಲ್ಲಿಗೆ ನಿಲ್ಲದೆ, ದೇಶನಗರಗಳ ಪ್ರಧಾನರು ಧರ್ಮವನ್ನು ಮೀರಿದಾಗ ಅವರ ಆಶ್ರಿತರಲ್ಲಿ ಅಧರ್ಮವು ಬೆಳೆಯುವ ಕ್ರಮವನ್ನು ಹೇಳುತ್ತದೆ. ನಲ್ಲಿಯಲ್ಲಿ ನೀರಿಲ್ಲದ ನಿಲಯದಲ್ಲಿ ಕೈ ತೊಳೆಯಿರೆಂಬ ಫಲಕವನ್ನು ತೂಗಿಸಿದವರ ಅಪರಾಧವು ಯಾವ ತಕ್ಕಡಿಗೆ ಬಂದೀತು?